ಎದುರು ನಿಂತವನ ಬಲಗೈ

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಹೊರಗೆ, ಮಣಿಕಟ್ಟು ಮುರಿದುಕೊಂಡು ಕೂತಿದ್ದ ಟೈಲರಮ್ಮ ಕಿವಿಗೊಡಬಾರದೆಂದೇ ಇದ್ದಳು. ಆದರೆ ಪಕ್ಕದ ಬೆಂಚಿನ ಅಣ್ಣತಮ್ಮಂದಿರು ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದರು. ಅಂಥ ಮಾತು ಕೂಗಾಟಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ತಮ್ಮನ ಮೊಣಕಾಲ ಕೆಳಗೆ ದಪ್ಪ ಬ್ಯಾಂಡೇಜು, ಎಡ ಕಂಕುಳಲ್ಲಿ ಊರುಗೋಲು.

“ದಿಮ್ಮಿ ಉರುಳಿದ ಕಾಲು ಉಳೀತಲ್ಲ, ಅದನ್ನ ನೋಡು,” ಅಂದ ಅಣ್ಣ.

“ಉಳೀತು. ಬೆನ್ನಿನ ಮಾಂಸಖಂಡ ತೆಗೆದು ಕಾಲಿಗೆ ಕೂರಿಸಿದ್ರು, ಉಳೀತು. ಬಲಗಡೆಯಿಂದ ಯಾಕೆ ತೆಗೆದ್ರು, ಅದನ್ನ ಹೇಳು.”

“ಯಾವ ಕೈಲಿ ಕೆಲಸ ಮಾಡ್ತಾನೆ, ಆ ಕಡೆ ಮುಟ್ಟಲ್ಲ, ಮುಟ್ಟಿದ್ರೆ ಆ ಕೈಗೆ ಎಳೆಯೋ ಶಕ್ತಿ ಹೋಗುತ್ತೆ ಅಂದ್ರು ಡಾಕ್ಟ್ರು. ನಿನಗೆ ಪ್ರಜ್ಞೆ ಇರಲಿಲ್ಲ.”

“ನೀನೇನಂದೆ?”

“ಎಡಗೈ ಅಂದೆ.”

“ಇಪ್ಪತ್ತು ವರ್ಷ ಒಂದೇ ಗರಗಸದ ಆ ತುದಿ ನೀನು, ಈ ತುದಿ ನಾನು. ನಾನು ಯಾವ ಕೈಲಿ ಎಳೀತೀನಿ ಅಂತ ಗೊತ್ತಿಲ್ವಾ?”

“ದಿನಾ ನನ್ನ ಎಡಕ್ಕೇ ಕಾಣ್ತಿತ್ತಲ್ಲೋ.”

“ಎದುರಿಗೆ ನಿಂತವನ ಬಲಗೈ ನಿನ್ನ ಎಡಕ್ಕಲ್ದೆ ಇನ್ನೆಲ್ಲಿ ಕಾಣುತ್ತೆ?”

“ನಿನ್ನ ಮೈಯೆಲ್ಲ ರಕ್ತ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.”

“ನಿನ್ನ ಬಾಯಿಗೆ ಬಂದಿದ್ದು ನನ್ನ ಬೆನ್ನಿಗೆ ಬಂತು. ಈಗ ಈ ಕೈಲಿ ಬಾಗಿಲು ಎಳೆಯೋಕೂ ಆಗಲ್ಲ.”

ನರ್ಸು ಅವರ ನಂಬರು ಕೂಗಿದಳು. ಅಣ್ಣ ಗಡಬಡಿಸಿ ಎದ್ದು, ಎದುರಿಗೆ ನಿಂತು ಕೈ ಚಾಚಿದ.

“ಎದುರಿಗೆ ನಿಲ್ಲಬೇಡ. ಪಕ್ಕಕ್ಕೆ ಬಾ, ಬಲಗಡೆಗೆ.”

ಅಣ್ಣ ಒಂದು ಹೆಜ್ಜೆ ಬಲಕ್ಕೆ ಸರಿದ.

“ನಿನ್ನ ಬಲ ಅಲ್ಲ, ಅಣ್ಣ. ನನ್ನದು.”