ಬಾಯಿಗೆ ಬಾರದ ಹೆಸರು

ಎರಡನೇ ಮಹಾಯುದ್ಧದ ಕಾಲ. ಮದ್ದೂರು ಸ್ಟೇಷನ್ನಿನಲ್ಲಿ ಮೈಸೂರಿನ ರೈಲಿಗೆ ಕಾದು ಕೂತಿದ್ದ ಕಾಮಾಕ್ಷಮ್ಮನ ಕಿವಿಯೆಲ್ಲ ಪಕ್ಕದ ಬೆಂಚಿನ ಕಡೆಗಿತ್ತು. ಅಲ್ಲಿದ್ದವರು ರಜೆ ಮುಗಿಸಿ ದಂಡಿಗೆ ಮರಳುತ್ತಿದ್ದ ಸಿಪಾಯಿ ಮತ್ತು ಅವನ ಹೆಂಡತಿ.

“ಸಿರಿಯಾದಲ್ಲಿ ಒಬ್ಳು ಪ್ರೆಂಚ್ ಮುದ್ಕಿ ಮಕ್ಳೆಷ್ಟು ಅಂತ ಕೇಳೋಳು. ‘ದೂಜಾಂಫಾಂ’ ಅಂತಿದ್ದೆ. ಎರಡು ಮಕ್ಳು ಅಂತ.”

“ನನ್ನ ಇಚಾರ?”

“‘ಮಾ ಫಾಮ್ ಸಪೆಲ್ ಬೀರಮ್ಮ.’ ನನ್ನೆಂಡ್ತಿ ಎಸ್ರು ಬೀರಮ್ಮ.”

“ಅಯ್ಯೋ, ಅಷ್ಟು ದೂರದಲ್ಲೂ ನನ್ನೆಸ್ರು ಏಳುದ್ಯಾ?”

“ದಿನಾ ಏಳ್ತಿದ್ದೆ. ಈಗ ನೀನು ನನ್ನೆಸ್ರು ಏಳು. ‘ಮೋಂ ಮಾರಿ ಸಪೆಲ್...’ ನನ್ ಗಂಡನ್ ಎಸ್ರು ಅಂತ.”

“ಮೋಂ ಮಾರಿ ಸಪೆಲ್...” ಬೀರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಬ್ಯಾಡ ಕಣಯ್ಯ. ಗಂಡನ್ ಎಸ್ರೇಳುದ್ರೆ ಅವ್ನ ಆಯಸ್ಸು ಕಮ್ಮಿ ಆಯ್ತದೆ. ನೀನು ಓಯ್ತಿರೋದು ಯುದ್ಧಕ್ಕೆ.”

“ಪ್ರೆಂಚಲ್ಲಿ ಏನೂ ಆಗಕಿಲ್ಲ ಕಣಮ್ಮಿ. ಆ ಮುದ್ಕಿ ಗಂಡನ್ನ ಎಸ್ರಿಡಿದೇ ಕೂಗೋಳು. ಮುದ್ಕಪ್ಪ ಗುಂಡುಕಲ್ಲಂಗವ್ನೆ.”

ಬೆಂಗಳೂರಿನ ರೈಲು ಬಂತು. ಅವನು ಹತ್ತಿದ. ಗಾಡಿ ಕದಲಿದಾಗ ಬೀರಮ್ಮ ಕಿಟಕಿಯ ಜೊತೆಜೊತೆಗೇ ನಡೆದಳು, ಆಮೇಲೆ ಓಡಿದಳು. ಸೆರಗು ಬಾಯಿಂದ ಜಾರಿತು.

“ಮೋಂ ಮಾರಿ ಸಪೆಲ್ ಕರಿಸಿದ್ದಯ್ಯ! ಕರಿಸಿದ್ದಯ್ಯ!”