ಸುಣ್ಣ ಬಳಿದ ಗೋಡೆ

ಕಡಲಂಚಿನ ಆ ಪುಟ್ಟ ಊರಿಗೆಲ್ಲ ಇದ್ದದ್ದು ಒಂದೇ ನಲ್ಲಿ. ಬಕೆಟ್ ಹಿಡಿದು ಸಾಲಿನ ಕೊನೆಗೆ ಬಂದ ನರ್ಸಮ್ಮನಿಗೆ ಮುಂದಿನ ಇಬ್ಬರು ಹೆಂಗಸರು ಬೆನ್ನು ಹಾಕಿ ನಿಂತಿದ್ದರು.

“ಆಸ್ಪತ್ರೆಯ ಕರಿಗೋಡೆ ಗುರುತು ಹಿಡಿದೇ ಅಲ್ವಾ ನಮ್ಮೋರು ಬಂಡೆ ತಪ್ಪಿಸಿ ದೋಣಿ ತಿರುಗಿಸ್ತಿದ್ದಿದ್ದು?”

“ಹೂಂ. ಕೊಳಕು ಅಂತ ನರ್ಸಮ್ಮ ಸುಣ್ಣ ಬಳಿಸಿದ್ಲು. ಮಂಜಲ್ಲಿ ಗೋಡೆ ಕಾಣದೆ ನನ್ನ ಮಗ ಬಂಡೆಗೆ ಬಡಿದು ಸತ್ತ.”

“ಅವಳಿಗೆ ಗೊತ್ತಾ?”

“ಇಡೀ ಊರು ಬಾಯಿಗೆ ಬೀಗ ಹಾಕ್ಕೊಂಡಿದೆ. ಹೇಳಿದ್ರೆ ಗಂಟುಮೂಟೆ ಕಟ್ತಾಳೆ. ಸೊಸೆ ಹೆರಿಗೆಗೆ ಇನ್ಯಾರಿದ್ದಾರೆ?”

“ಆಮೇಲೆ?”

“ಮಗು ಎತ್ಕೊಂಡು ನರ್ಸಮ್ಮ ನಗ್ತಾಳಲ್ಲ, ಆಗ ಸೊಸೇನೇ ಹೇಳ್ತಾಳಂತೆ.”

ಕೊಡ ತುಂಬಿತು. ಸೊಂಟಕ್ಕಿಟ್ಟು ತಿರುಗಿದ ಅತ್ತೆ ನರ್ಸಮ್ಮನನ್ನು ಕಂಡಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಸಂಜೆಯೊಳಗೆ ಬಂದ್ಬಿಡಿ ನರ್ಸಮ್ಮ. ಸೊಸೆಗೆ ದಿನ ತುಂಬಿದೆ,” ಎಂದು ನೀರು ತುಳುಕದಂತೆ ನಡೆದುಹೋದಳು.