ಏಳು ನಿಮಿಷದ ವಿಳಂಬ

ನಬಿಸಾಬರ ಪತ್ನಿ ಸರ್ವರಬಿಯವರೇ, ಮಗಳು ಯಾಸ್ಮಿನ, ಐನಾಪುರ ವಿದ್ಯುತ್ ಶಾಖೆಯ ನನ್ನ ಸಹೋದ್ಯೋಗಿಗಳೇ, ಕೆಲಸ ಬಿಟ್ಟು ಬಂದು ಕುಳಿತಿರುವ ಊರಿನ ಹಿರಿಯರೇ — ಎಲ್ಲರಿಗೂ ನಮಸ್ಕಾರ.

ಲೈನ್‌ಮನ್ ನಬಿಸಾಬರು ಕಳೆದ ಶುಕ್ರವಾರ ಹೃದಯಾಘಾತದಿಂದ ತೀರಿಕೊಂಡರು. ಹನ್ನೊಂದು ವರ್ಷ ನಾನು ಅವರ ಎಂಜಿನಿಯರ್. ನನಗೆ ಭಾಷಣ ಬಾರದು. ಒಂದು ವಿಷಯ ಹೇಳಲೇಬೇಕಾಗಿದೆ — ಅದಕ್ಕಾಗಿ ನಿಂತಿದ್ದೇನೆ.

ಐವತ್ತಾರರಲ್ಲೂ ಅವರು ಬೆಳಿಗ್ಗೆ ತಾಲೀಮು ಗರಡಿಯಲ್ಲಿ ನೂರು ಬೈಠಕ್ ಹೊಡೆಯುತ್ತಿದ್ದರು. ಆಮೇಲೆ ಇಲ್ಲಿ, ಈ ಶಾಖೆಯ ಅಂಗಳದ ತಂತಿಯಿಲ್ಲದ ಕಂಬ ಏರಿ, ಕೆಳಗಿದ್ದ ಸಹಾಯಕ ಭರಮುಗೆ ಹೇಳುತ್ತಿದ್ದರು: "ಬೈಯೋ ಭರಮು, ಜೋರಾಗಿ ಬೈ."

"ಏ ಮುದಕಾ, ನಟ್ ಬಿಗಿತಿಯೋ, ಅಲ್ಲೇ ನಿದ್ದಿ ಮಾಡ್ತಿಯೋ?"

"ಇಷ್ಟನ? ನಮ್ಮ ಮನ್ಯಾಗ ಇದಕ್ಕಿಂತ ಜೋರ್ ಬೈತಾರ!"

ಸರ್ವರಬಿಯವರು ಕ್ಷಮಿಸಬೇಕು. ನಾವೆಲ್ಲ ನಗುತ್ತಿದ್ದೆವು. ಅದು ಯಾವುದರ ತಯಾರಿ ಎಂದು ನನಗೆ ತಿಳಿದದ್ದು ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ.

ಆ ಮಧ್ಯಾಹ್ನ ಗಾಳಿಗೆ ಆಸ್ಪತ್ರೆಯ ತಂತಿ ಹರಿದಿತ್ತು. ಒಳಗೆ ಹೆರಿಗೆಯ ಆಪರೇಷನ್. ಜನರೇಟರ್ ಕೆಟ್ಟಿತ್ತು. ತಂತಿಯಲ್ಲಿ ಕರೆಂಟ್ ಇದೆಯೇ ಎಂದು ಪರೀಕ್ಷಿಸುವ ನಮ್ಮ ಕೋಲು ಮಳೆಗೆ ನೆನೆದು ಹಾಳಾಗಿತ್ತು. ಸುತ್ತ ಜನ — ಎಲ್ಲರೂ ಕೂಗುತ್ತಿದ್ದರು. ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ. ಉತ್ತರ ಕೇಳಿ, "ಲೈನ್ ಬಂದ್ ಐತಿ, ಏರ್ರಿ" ಎಂದೆ.

ನಬಿಸಾಬರು ಕಂಬ ಮುಟ್ಟಲಿಲ್ಲ.

"ಸಾಹೇಬ್ರ, ಬಂದ್ ಐತಿ ಅಂದಾರೋ, ಬಂದೈತಿ ಅಂದಾರೋ? ಇನ್ನೊಮ್ಮೆ ಕೇಳ್ರಿ. 'ಬಂದ್' ಅನಬ್ಯಾಡ್ರಿ. ಕರೆಂಟ್ ಐತೋ, ಇಲ್ಲೋ — ಅಷ್ಟ ಕೇಳ್ರಿ."

ಒಬ್ಬ ಅವರ ಕಾಲರ್ ಹಿಡಿದ. "ನಮ್ಮ ತಂಗಿ ಒಳಗ ಸಾಯಾಕತ್ತಾಳ, ನೀ ವ್ಯಾಕರಣ ಕೇಳ್ತಿಯೇನ್ಲೇ? ಏರಲೇ!"

"ನಿಮ್ಮ ತಂಗಿ ಸಲುವಾಗೇ ನಿಂತೀನಿ, ಅಣ್ಣಾ. ನಾ ಸತ್ರ ತಂತಿ ಕಟ್ಟಾವ್ರು ಯಾರು?"

ನಾನೂ ಗದರಿದೆ — ಹೌದು, ನಾನೂ. ಅವರು ಕದಲಲಿಲ್ಲ. ಸಬ್‌ಸ್ಟೇಷನ್ನಿನ ಫೋನ್ ಮತ್ತೆ ಸಿಗಲು ಏಳು ನಿಮಿಷ ಹಿಡಿಯಿತು. ಅಲ್ಲಿನ ಆಪರೇಟರ್ ಹೇಳಿದ:

"ಕರೆಂಟ್ ಐತ್ರಿ ಸಾಹೇಬ್ರ. ಬಂದೈತಿ ಅಂದ್ನೆಲ್ಲ ಆವಾಗ್ಲೇ!"

— ಕರೆಂಟ್ ಬಂದಿದೆ ಎಂಬ 'ಬಂದೈತಿ'ಯನ್ನು ನಾನು 'ಬಂದ್ ಐತಿ' ಎಂದು ತಪ್ಪಾಗಿ ಕೇಳಿಸಿಕೊಂಡಿದ್ದೆ.

ಲೈನಿನ ಕರೆಂಟ್ ತೆಗೆಸಿದೆವು. ಅವರು ಏರಿದರು. ಅದೇ ಬೈಗುಳದ ನಡುವೆ ಹನ್ನೊಂದು ನಿಮಿಷದಲ್ಲಿ ತಂತಿ ಕೂಡಿಸಿದರು. ತಾಯಿ, ಮಗು ಇಬ್ಬರೂ ಉಳಿದರು.

ಮರುದಿನ ದೂರು ಬಂತು. "ನಬಿಸಾಬರಿಂದ ಏಳು ನಿಮಿಷ ಅನವಶ್ಯಕ ವಿಳಂಬ" — ನೋಟಿಸಿನ ಆ ವಾಕ್ಯ ಬರೆದವನು ನಾನು. ಅವರು ಓದಿ ಸಹಿ ಹಾಕಿದರು. "ಏಳು ಅನ್ನೂದಾದ್ರೂ ಖರೇ ಬರದೀರಿ, ಸಾಹೇಬ್ರ" ಎಂದರು. ಅಷ್ಟೇ. ನನ್ನ ತಪ್ಪನ್ನು ಯಾರಿಗೂ ಹೇಳಲಿಲ್ಲ. ಊರು ಅವರನ್ನು ಅಂಜುಬುರುಕ ಎಂದಿತು. ಬಡ್ತಿಯಲ್ಲಿ ಸಿಗಬೇಕಿದ್ದ ಮೇಸ್ತ್ರಿ ಹುದ್ದೆ ತಪ್ಪಿತು. ಆ ವಾಕ್ಯ ಇಂದಿಗೂ ಅವರ ಸೇವಾ ಪುಸ್ತಕದಲ್ಲಿದೆ.

ಆ ನೋಟಿಸ್ ಸುಳ್ಳು, ತಪ್ಪು ನನ್ನದು ಎಂದು ಇಂದು ಬೆಳಿಗ್ಗೆ ವಿಭಾಗ ಕಚೇರಿಗೆ ಬರೆದುಕೊಟ್ಟಿದ್ದೇನೆ. ಪ್ರತಿ ಇಲ್ಲಿದೆ — ಸರ್ವರಬಿಯವರೇ, ತಮ್ಮ ಕೈಗೆ. ಅವರು ಇದ್ದಾಗಲೇ ಕೊಡಬೇಕಿತ್ತು.

ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ. ಅಂದು ಅವರ ಮೇಲೆ ಕೂಗಿದವರು ನಾವೇ. ಈಗ — ಸುಮ್ಮನಿರೋಣ.